ಒಂದು ಮೊಳ ಹಗ್ಗ, 226 ಕಿಲೋಮೀಟರ್ ಹಾದಿ

ಕ್ಯೋಟೋ: ಶನಿವಾರ ಬೆಳಿಗ್ಗೆ ಆರು ಗಂಟೆಗೆ ನಾವಿಬ್ಬರೂ ಕಾಮೋ ನದಿಯ ದಂಡೆಯಲ್ಲಿ ಒಬ್ಬರಿಗಾಗಿ ಕಾಯುತ್ತಾ ನಿಂತಿರುತ್ತೇವೆ. ಜಾಗದ ಹೆಸರು ದೆಮಾಚಿಯಾನಗಿ. ಕಾಮೋ ಮತ್ತು ತಕಾನೋ ನದಿಗಳು ಇಲ್ಲಿ ಕೂಡುತ್ತವೆ. ನೀರಿಗೆ ಅಡ್ಡಲಾಗಿ ಆಮೆಯ ಆಕಾರದ ಕಲ್ಲುಗಳನ್ನು ಇಟ್ಟಿದ್ದಾರೆ. ಬಿಸಿಲೇರಿದ ಮೇಲೆ ಮಕ್ಕಳು ಅವುಗಳ ಮೇಲೆ ಕುಪ್ಪಳಿಸಿ ಆಚೆ ದಡಕ್ಕೆ ಹೋಗುತ್ತವೆ. ಆ ಹೊತ್ತಿಗೆ ನಮ್ಮ ಕೆಲಸ ಮುಗಿದಿರುತ್ತದೆ.

ನಾವು ಕಾಯುವವರು ಬಿಳಿ ಕೋಲು ತಟ್ಟುತ್ತಾ ರೈಲು ನಿಲ್ದಾಣದ ಕಡೆಯಿಂದ ಬರುತ್ತಾರೆ. ಕೋಲನ್ನು ಮಡಚಿ ಬೆನ್ನ ಚೀಲದೊಳಗೆ ಹಾಕಿ ಎಡಗೈ ಚಾಚುತ್ತಾರೆ. ಆ ಕೈಗೆ ನಾವು ಹಗ್ಗದ ಒಂದು ತುದಿ ಕೊಡುತ್ತೇವೆ. ಸುಮಾರು ಒಂದು ಮೀಟರ್ ಉದ್ದದ ಹಗ್ಗವನ್ನು ಉಂಗುರದಂತೆ ಗಂಟು ಹಾಕಿದ್ದು. ಎಳೆದು ಹಿಡಿದರೆ ಒಂದು ಮೊಳ. ಇನ್ನೊಂದು ತುದಿ ನಮ್ಮ ಕೈಯಲ್ಲಿ. ಅಲ್ಲಿಂದ ಮುಂದಿನ ಎರಡೋ ಮೂರೋ ಗಂಟೆ ಅವರ ಕಣ್ಣು ನಾವು.

ಅವರಿಗೆ ಐವತ್ತು ದಾಟಿದೆ. ವೃತ್ತಿಯಲ್ಲಿ ಅಕ್ಯುಪಂಕ್ಚರ್ ಚಿಕಿತ್ಸಕರು. ಜಪಾನಿನಲ್ಲಿ ಅಂಧರು ಹಿಂದಿನಿಂದಲೂ ಮಾಡಿಕೊಂಡು ಬಂದ ವೃತ್ತಿ ಅದು. ಅಕ್ಷಿಪಟಲದ ಕಾಯಿಲೆಯಿಂದ ಮೂವತ್ತರ ಹರೆಯದಲ್ಲಿ ದೃಷ್ಟಿ ಮಸುಕಾಗುತ್ತಾ ಬಂದು ಈಗ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ತಿಳಿಯುತ್ತದೆ. ಪತ್ರಿಕೆಗೆ ಬರೆಯುತ್ತೇವೆ ಎಂದಾಗ, ‘ಹೆಸರು ಮಾತ್ರ ಬೇಡ, ಆಮೇಲೆ ರೋಗಿಗಳು ಸೂಜಿ ಚುಚ್ಚಿಸಿಕೊಳ್ಳುವಾಗಲೂ ಓಟದ್ದೇ ಮಾತಾಡುತ್ತಾರೆ’ ಎಂದು ನಕ್ಕರು. ನಾವು ಅವರನ್ನು ಸೆನ್ಸೇ ಎನ್ನುತ್ತೇವೆ. ಅಂದರೆ ಮೇಷ್ಟ್ರು.

ಸೆನ್ಸೇ ತಯಾರಾಗುತ್ತಿರುವುದು ದೂರದ ಟ್ರಯಥ್ಲಾನ್‌ಗೆ. ಮೊದಲು 3.8 ಕಿ.ಮೀ. ಈಜು, ಮೇಲೆದ್ದು ಬಂದು 180 ಕಿ.ಮೀ. ಸೈಕಲ್, ಇಳಿದ ಮೇಲೆ 42.2 ಕಿ.ಮೀ. ಓಟ. ಒಟ್ಟು 226 ಕಿ.ಮೀ., ಒಂದೇ ದಿನದಲ್ಲಿ. ಹಾಸನದಿಂದ ಬೆಂಗಳೂರಿಗೆ ಹೋಗಿ ಅಲ್ಲಿಂದ ಮತ್ತೆ ತುಮಕೂರು ಕಡೆ ಹೊರಟಷ್ಟು ದೂರ. ಪ್ಯಾರಾಲಿಂಪಿಕ್ಸ್‌ನಲ್ಲಿರುವ ಟ್ರಯಥ್ಲಾನ್ ಇದಕ್ಕಿಂತ ಬಹಳ ಚಿಕ್ಕದು: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಅಲ್ಲಿ ವೇಗದ ಲೆಕ್ಕ. ಸೆನ್ಸೇ ಹೋಗುವ ಕಡೆ ಗಡಿಯಾರದ ಲೆಕ್ಕ. ನಿಗದಿತ ಹೊತ್ತಿನೊಳಗೆ ಸೈಕಲ್ ಮುಗಿಸದಿದ್ದರೆ ಓಡಲು ಬಿಡುವುದಿಲ್ಲ. ಕಣ್ಣಿದ್ದವರಿಗೂ ಇಲ್ಲದವರಿಗೂ ಅದೇ ಗಡಿಯಾರ.

ವಾರದ ಲೆಕ್ಕ

ನಾವು ಈ ಹಗ್ಗ ಹಿಡಿದದ್ದು ಮೂರು ವರ್ಷದ ಹಿಂದೆ. ಬೆಳಗಿನ ಓಟದಲ್ಲಿ ದಿನವೂ ಎದುರಾಗುತ್ತಿದ್ದ ಜೋಡಿಯನ್ನು ಒಂದು ದಿನ ಮಾತಾಡಿಸಿದೆವು. ಜೊತೆ ಓಡುವುದನ್ನು ಇಲ್ಲಿ ‘ಬನ್‌ಸೋ’ ಎನ್ನುತ್ತಾರೆ. ‘ನಿಮಗೂ ಬರುತ್ತದೆ, ಹತ್ತು ಕಿಲೋಮೀಟರ್ ಮಾತಾಡುತ್ತಾ ಓಡಲು ಉಸಿರಿದ್ದರೆ ಸಾಕು’ ಎಂದರು. ಅಂದಿನಿಂದ ಶನಿವಾರದ ಬೆಳಗು ನಮ್ಮದಾಯಿತು. ನಮ್ಮಲ್ಲಿ ಒಬ್ಬರು ಹಗ್ಗ ಹಿಡಿದರೆ ಇನ್ನೊಬ್ಬರು ಹಿಂದೆ ಸೈಕಲ್ಲಿನಲ್ಲಿ ನೀರು, ಉಪ್ಪಿನ ಮಾತ್ರೆ, ಬಾಳೆಹಣ್ಣು ಹೊತ್ತು ಬರುತ್ತೇವೆ.

ಅಂಗವಿಕಲ ಕ್ರೀಡಾಪಟು ಎಂದೊಡನೆ ‘ಛಲ’, ‘ಸಾಧನೆ’ ಎಂಬ ಮಾತು ನಮ್ಮ ಬಾಯಿಗೆ ಬರುತ್ತದೆ. ಹತ್ತಿರದಿಂದ ನೋಡಿದ ಮೇಲೆ ನಮಗೆ ಕಂಡದ್ದು ಬೇರೆ. ಛಲ ಸೆನ್ಸೇಗೆ ಧಾರಾಳವಾಗಿದೆ. ಅವರಿಗೆ ಕಡಿಮೆ ಬೀಳುವುದು ಬೇರೆಯವರ ಬಿಡುವು.

ಲೆಕ್ಕ ನೋಡಿ. ಈ ದೂರಕ್ಕೆ ತಯಾರಾಗಲು ಅವರಿಗೆ ವಾರಕ್ಕೆ ಹನ್ನೆರಡು ಗಂಟೆಯಾದರೂ ಅಭ್ಯಾಸ ಬೇಕು. ಕಣ್ಣಿರುವವನಾದರೆ ಬೆಳಿಗ್ಗೆ ಎದ್ದು ಶೂ ಕಟ್ಟಿ ಹೊರಟರಾಯಿತು. ಸೆನ್ಸೇಗೆ ಹಾಗಿಲ್ಲ. ಅವರಿಗೆ ಏಳು ಜನ ಜೊತೆಗಾರರು. ಇಬ್ಬರು ಈಜಿಗೆ, ಇಬ್ಬರು ಸೈಕಲ್ಲಿಗೆ, ನಮ್ಮನ್ನೂ ಸೇರಿಸಿ ಮೂವರು ಓಟಕ್ಕೆ. ಗುರುವಾರ ರಾತ್ರಿ ಎಲ್ಲರಿಗೂ ಸಂದೇಶ ಹೋಗುತ್ತದೆ. ಒಬ್ಬರ ಮಗುವಿಗೆ ಜ್ವರ, ಇನ್ನೊಬ್ಬರಿಗೆ ಆಫೀಸಿನ ಪ್ರವಾಸ, ಮತ್ತೊಬ್ಬರಿಗೆ ಮಂಡಿ ನೋವು ಎಂದು ಉತ್ತರ ಬಂದರೆ ಆ ವಾರದ ಪಟ್ಟಿ ಹರಿದಂತೆ. ಆಗ ಉಳಿಯುವುದು ಮನೆಯ ಮೂಲೆಯಲ್ಲಿ ನೆಟ್ಟ ನಿಂತ ಸೈಕಲ್. ‘ಒಬ್ಬನೇ ಮಾಡಬಹುದಾದ್ದು ಇದೊಂದೇ. ಎಷ್ಟು ತುಳಿದರೂ ಕೋಣೆ ಬಿಟ್ಟು ಹೋಗುವುದಿಲ್ಲ’ ಎನ್ನುತ್ತಾರೆ.

ಈಜು ಮಂಗಳವಾರ ಸಂಜೆ, ತಕಾನೋದಲ್ಲಿರುವ ನಗರದ ಅಂಗವಿಕಲರ ಕ್ರೀಡಾ ಕೇಂದ್ರದ ಕೊಳದಲ್ಲಿ. ಅಂಧ ಈಜುಗಾರನಿಗೆ ಗೋಡೆ ಎಲ್ಲಿದೆಯೆಂದು ಗೊತ್ತಾಗುವುದು ಕೈಬೀಸಿನ ಎಣಿಕೆಯಿಂದ. ಎಣಿಕೆ ತಪ್ಪಿದರೆ ಬೆರಳಿಗೆ ಪೆಟ್ಟು. ಅದಕ್ಕೆ ಅಂಚಿನಲ್ಲಿ ನಿಂತವರು ಮೆತ್ತನೆಯ ತುದಿಯ ಕೋಲಿನಿಂದ ಮೆಲ್ಲಗೆ ತಟ್ಟಿ ಎಚ್ಚರಿಸುತ್ತಾರೆ. ಬೇಸಿಗೆ ಬಂದರೆ ಅಭ್ಯಾಸ ಬಿವಾ ಸರೋವರಕ್ಕೆ ಹೋಗುತ್ತದೆ. ಜಪಾನಿನ ಅತಿ ದೊಡ್ಡ ಸರೋವರ, ಪಕ್ಕದ ಶಿಗಾ ಪ್ರಾಂತದಲ್ಲಿದೆ. 1985ರಲ್ಲಿ ಜಪಾನಿನ ಐರನ್‌ಮ್ಯಾನ್ ಸ್ಪರ್ಧೆ ಶುರುವಾದದ್ದೂ ಇದೇ ನೀರಿನಲ್ಲಿ. ಅಲ್ಲಿ ಗೋಡೆಯಿಲ್ಲ, ಗೆರೆಯಿಲ್ಲ. ಜೊತೆಗಾರನ ತೊಡೆಗೂ ಸೆನ್ಸೇ ತೊಡೆಗೂ ಎಳೆದರೆ ಹಿಗ್ಗುವ ಹಗ್ಗ. ಜೊತೆಗಾರ ಪಕ್ಕದಲ್ಲೇ ಈಜಬೇಕು. ಮುಂದೆ ಹೋಗಿ ಎಳೆದರೆ ಅದು ಮೋಸ. ಸ್ಪರ್ಧೆಯಲ್ಲಿ ಹೊರಗೆ ಹಾಕುತ್ತಾರೆ.

ಸೈಕಲ್ ಎಂದರೆ ಇಬ್ಬರು ತುಳಿಯುವ ಜೋಡಿ ಸೈಕಲ್. ಮುಂದೆ ಕೂತವರು ಹ್ಯಾಂಡಲ್ ಮತ್ತು ಬ್ರೇಕ್ ಹಿಡಿಯುತ್ತಾರೆ, ಹಿಂದಿನವರು ತುಳಿಯುತ್ತಾರೆ. ಜಪಾನಿನಲ್ಲಿ ಇದನ್ನು ಸಾಮಾನ್ಯ ರಸ್ತೆಗೆ ಬಿಡುವುದೋ ಬೇಡವೋ ಎಂಬುದನ್ನು ಆಯಾ ಪ್ರಾಂತಗಳೇ ತೀರ್ಮಾನಿಸುತ್ತಿದ್ದವು. ಬಹಳ ಕಡೆ ಬಿಡುತ್ತಿರಲಿಲ್ಲ. ಒಂದೊಂದಾಗಿ ಒಪ್ಪುತ್ತಾ ಬಂದು, ಕೊನೆಗೆ 2023ರ ಜುಲೈನಲ್ಲಿ ಟೋಕಿಯೋ ಒಪ್ಪಿದ ಮೇಲೆ 47 ಪ್ರಾಂತಗಳಲ್ಲೂ ಜೋಡಿ ಸೈಕಲ್ ರಸ್ತೆಗಿಳಿಯಬಹುದಾಯಿತು. ಸೆನ್ಸೇ ಹೆಚ್ಚಾಗಿ ಅರಾಶಿಯಾಮಾದಿಂದ ಕತ್ಸುರಾ ನದಿಯ ಗುಂಟ ದಕ್ಷಿಣಕ್ಕೆ ಕಿಝು ಕಡೆ ಹೋಗುವ 45 ಕಿ.ಮೀ. ಸೈಕಲ್ ಹಾದಿಯಲ್ಲಿ ಹೋಗಿಬರುತ್ತಾರೆ. ಎರಡು ಸಲ ಹೋಗಿಬಂದರೆ 180.

ಹವೆಯ ಮಾತೂ ಇದೆ. ಕ್ಯೋಟೋ ಮೂರು ಕಡೆ ಬೆಟ್ಟವಿರುವ ಬೋಗುಣಿ. ಜುಲೈ, ಆಗಸ್ಟ್‌ನಲ್ಲಿ ಸೆಖೆ ಅದರೊಳಗೆ ಕೂತುಬಿಡುತ್ತದೆ, ಜನವರಿಯಲ್ಲಿ ನೆಲದಿಂದ ಥಂಡಿ ಏಳುತ್ತದೆ. ಮಂಗಳೂರಿನ ಬೇಸಿಗೆಯನ್ನೂ ಹಿಮಾಲಯದ ಚಳಿಯನ್ನೂ ಒಂದೇ ಊರಿನಲ್ಲಿ ತಂದಿಟ್ಟ ಹಾಗೆ.

ನಮ್ಮ ತಪ್ಪು

ಮೊದಲ ತಿಂಗಳಲ್ಲೇ ನಾವು ಅವರನ್ನು ಬೀಳಿಸಿದೆವು. ಒಂದು ಸೇತುವೆಯ ಕೆಳಗೆ ಹಾದಿ ಅಂಗೈ ಎತ್ತರದಷ್ಟು ಏರುತ್ತದೆ. ನಮ್ಮ ಕಾಲು ತಾನಾಗಿಯೇ ಎತ್ತಿ ಇಟ್ಟಿತು, ಬಾಯಿ ಹೇಳಲಿಲ್ಲ. ಸೆನ್ಸೇ ಮುಗ್ಗರಿಸಿ ಮಂಡಿ, ಅಂಗೈ ತರಚಿಕೊಂಡರು. ಮಣ್ಣು ಒರೆಸುತ್ತಾ ನಾವು ಹತ್ತು ಸಲ ಕ್ಷಮೆ ಕೇಳಿದೆವು. ಅವರು ಹೇಳಿದ್ದು ಇಷ್ಟೇ: ‘ನೀವು ನೋಡಿದಿರಿ. ಆದರೆ ನಿಮಗಾಗಿ ಮಾತ್ರ ನೋಡಿದಿರಿ.’

ಅವತ್ತಿನಿಂದ ನಾವು ಇಬ್ಬರಿಗಾಗಿ ನೋಡುವುದನ್ನು ಕಲಿತೆವು. ‘ಹತ್ತು ಹೆಜ್ಜೆಗೆ ಏರು’, ‘ಬಲಕ್ಕೆ ತಿರುವು’, ‘ಎದುರು ನಾಯಿ’, ‘ಜಲ್ಲಿ ಶುರು, ಜಲ್ಲಿ ಮುಗಿಯಿತು’. ಅಪಾಯವನ್ನು ಮಾತ್ರ ಹೇಳಿದರೆ ಸಾಲದು. ಚೆರ್ರಿ ಮೊಗ್ಗು ಬಿಟ್ಟಿದೆ, ಬೆಳ್ಳಕ್ಕಿ ಮೀನು ಹಿಡಿಯಿತು ಎಂಬುದನ್ನೂ ಹೇಳಬೇಕು. ಇಲ್ಲದಿದ್ದರೆ ಮೂರು ಗಂಟೆ ಅವರು ಬರೀ ಕಲ್ಲುಗುಂಡಿಗಳ ಲೋಕದಲ್ಲಿ ಓಡಿದಂತಾಗುತ್ತದೆ.

ಇನ್ನೆರಡು ಪಾಠ. ಹಗ್ಗವನ್ನು ಅವರ ಕೈಗೆ ಕಟ್ಟುವುದಿಲ್ಲ. ಅವರೇ ಹಿಡಿಯುತ್ತಾರೆ, ಬೇಕೆಂದಾಗ ಬಿಡುತ್ತಾರೆ. ಎರಡನೆಯದು, ವೇಗ ಅವರದ್ದು. ನಾವು ಕಣ್ಣಷ್ಟೇ, ಯಜಮಾನರಲ್ಲ. ಅಂಧರ ಓಟದಲ್ಲಿ ಈ ಹಗ್ಗವನ್ನು ಇಲ್ಲಿ ‘ಕಿಝುನಾ’ ಎಂದೂ ಕರೆಯುತ್ತಾರೆ. ಬಾಂಧವ್ಯ ಎಂದು ಅರ್ಥ. ಆದರೆ ಆ ಪದದ ಹಳೆಯ ಅರ್ಥ ಪ್ರಾಣಿಗಳನ್ನು ಕಟ್ಟುವ ಹಗ್ಗ ಎಂದು ಸೆನ್ಸೇ ಹೇಳಿದಾಗ ನಾವಿಬ್ಬರೂ ಮುಖ ನೋಡಿಕೊಂಡೆವು. ನಮ್ಮೂರ ಕೊಟ್ಟಿಗೆಯಲ್ಲಿ ಅದಕ್ಕೆ ಕಣ್ಣಿ ಎನ್ನುತ್ತಾರೆ.

ಈ ಊರಿಗೆ ಹಳೆಯ ಪಾಠ

ಇದೆಲ್ಲ ಕ್ಯೋಟೋಗೆ ಹೊಸದಲ್ಲ. ಜಪಾನಿನ ಮೊದಲ ಅಂಧ ಮತ್ತು ಕಿವುಡ ಮಕ್ಕಳ ಶಾಲೆ 1878ರಲ್ಲಿ ಇಲ್ಲೇ ಆರಂಭವಾಯಿತು. ಕಟ್ಟಿದವರು ಫುರುಕಾವಾ ತಾಶಿರೋ ಎಂಬ ಶಿಕ್ಷಕರು. ಅಂಧ ಮಕ್ಕಳು ನೇರ ನಡೆಯುವುದನ್ನು ಕಲಿಯಲೆಂದೇ ಅವರು ಅಂಗಳದಲ್ಲಿ ಅಭ್ಯಾಸದ ಹಾದಿ ಮಾಡಿಸಿದರು. ದಿಕ್ಕಿನ ಅರಿವು ಬರಲೆಂದು ಸುರುಳಿಯಾಕಾರದ ಇನ್ನೊಂದು. ಆ ಶಾಲೆಯ ಹಳೆಯ ದಾಖಲೆ, ಬೋಧನಾ ಸಾಮಗ್ರಿಗಳನ್ನು 2018ರಲ್ಲಿ ಜಪಾನ್ ಸರ್ಕಾರ ದೇಶದ ಮುಖ್ಯ ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿದೆ.

ನಾವು ಓಡುವ ಹಾದಿಯಲ್ಲೇ ಸಾಂಜೋ ಸೇತುವೆ ಸಿಗುತ್ತದೆ. 1917ರಲ್ಲಿ ಜಪಾನಿನ ಮೊದಲ ಎಕಿದೆನ್, ಅಂದರೆ ಹೆಗಲಿನ ಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವ ದೂರದ ರಿಲೇ ಓಟ, ಇಲ್ಲಿಂದಲೇ ಟೋಕಿಯೋಗೆ ಹೊರಟಿತ್ತು. ಸೇತುವೆಯ ಬಳಿ ನೆನಪಿನ ಕಲ್ಲಿದೆ. ಒಬ್ಬನ ಓಟ ಇನ್ನೊಬ್ಬನ ಕೈಯಲ್ಲಿದೆ ಎಂಬ ಮಾತು ಈ ಊರಿಗೆ ಗೊತ್ತು.

ಇವರಿಗಿಂತ ಮುಂದೆ ಹೋದವರು

ಸೆನ್ಸೇ ಮೊಬೈಲ್ ಓದಿ ಹೇಳಿದ್ದನ್ನು ಕೇಳಿ ತಿಳಿದ ಕಥೆಗಳನ್ನು ಓಡುತ್ತಾ ನಮಗೆ ಹೇಳುತ್ತಾರೆ. ಅಮೆರಿಕದ ಡಿಕ್ ಹೊಯ್ಟ್ ಎಂಬ ತಂದೆ, ಮಿದುಳಿನ ಪಾರ್ಶ್ವವಾಯುವಿದ್ದ ಮಗ ರಿಕ್‌ನನ್ನು ಪುಟ್ಟ ರಬ್ಬರ್ ದೋಣಿಯಲ್ಲಿ ಮಲಗಿಸಿ, ಅದರ ಹಗ್ಗ ಮೈಗೆ ಕಟ್ಟಿಕೊಂಡು ಈಜಿ, ಸೈಕಲ್ಲಿನಲ್ಲಿ ಕೂರಿಸಿ, ಗಾಲಿಕುರ್ಚಿ ತಳ್ಳಿ ಓಡಿ, 1989ರಲ್ಲಿ ಹವಾಯಿಯ ಐರನ್‌ಮ್ಯಾನ್ ಮುಗಿಸಿದರು. ಆಸ್ಟ್ರೇಲಿಯಾದ ಜಾನ್ ಮೆಕ್ಲೀನ್ ಗಾಲಿಕುರ್ಚಿಯ ಕ್ರೀಡಾಪಟು. 1997ರಲ್ಲಿ ಅದೇ ಸ್ಪರ್ಧೆಯನ್ನು ಗಡಿಯಾರದ ಲೆಕ್ಕದೊಳಗೇ ಮುಗಿಸಿದ ಮೊದಲ ಗಾಲಿಕುರ್ಚಿ ಸ್ಪರ್ಧಿಯಾದರು. ಅಂಥವರಿಗೆ ಈಜು, ಸೈಕಲ್, ಓಟ ಮೂರೂ ಭುಜದ ಮೇಲೆಯೇ. ಭುಜ ನೋಯಿಸಿಕೊಂಡರೆ ಮನೆಯೊಳಗೆ ಹಾಸಿಗೆಯಿಂದ ಕುರ್ಚಿಗೆ ಬರುವುದೂ ಕಷ್ಟ. ಹಾಗಾಗಿ ಅವರ ತರಬೇತಿಯಲ್ಲಿ ವಿಶ್ರಾಂತಿಯೂ ಒಂದು ಪಾಠ. ಒಂದು ಕಾಲಿಲ್ಲದ ಸಾರಾ ರೈನರ್ಟ್‌ಸನ್ 2004ರಲ್ಲಿ ಸೈಕಲ್ಲಿನ ಗಡುವು ತಪ್ಪಿ ಹೊರಬಿದ್ದು, 2005ರಲ್ಲಿ ಮತ್ತೆ ಬಂದು ಮುಗಿಸಿದರು. ಸೆನ್ಸೇಗೆ ಬಹಳ ಇಷ್ಟವಾದ ಕಥೆ ಅದು. ಕಾರಣವನ್ನು ಮುಂದೆ ಹೇಳುತ್ತೇವೆ.

ಹತ್ತಿರದವರೂ ಇದ್ದಾರೆ. ಬಿವಾ ಸರೋವರದ ಶಿಗಾ ಪ್ರಾಂತದವರೇ ಆದ ಉದಾ ಹಿದೆಕಿ 2013ರಲ್ಲಿ ಕೆಲಸದ ವೇಳೆ ನಡೆದ ಅಪಘಾತದಲ್ಲಿ ಬಲಗೈ ಕಳೆದುಕೊಂಡರು. 2021ರ ಆಗಸ್ಟ್‌ನಲ್ಲಿ ಟೋಕಿಯೋ ಪ್ಯಾರಾಲಿಂಪಿಕ್ಸ್ ಟ್ರಯಥ್ಲಾನ್‌ನಲ್ಲಿ ಬೆಳ್ಳಿ ಗೆದ್ದರು. ಅದೇ ಕೂಟದಲ್ಲಿ ಅಂಧರ ವಿಭಾಗದ ಕಂಚು ಯೋನೆಓಕಾ ಸತೋರು ಅವರಿಗೆ, ಜೊತೆಗಾರ ತ್ಸುಬಾಕಿ ಕೋಹೇ. ಪ್ಯಾರಾ ಟ್ರಯಥ್ಲಾನ್‌ನಲ್ಲಿ ಜಪಾನಿಗೆ ಸಿಕ್ಕ ಮೊದಲ ಪದಕಗಳವು.

ನಾವು ಸೆನ್ಸೇಗೆ ನಮ್ಮ ಕಡೆಯ ಕಥೆ ಹೇಳಿದೆವು. ಮಹಾರಾಷ್ಟ್ರದ ಔರಂಗಾಬಾದಿನ ನಿಕೇತ್ ದಲಾಲ್ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡವರು. 2020ರ ಫೆಬ್ರುವರಿಯಲ್ಲಿ ದುಬೈನಲ್ಲಿ ಇದರ ಅರ್ಧ ದೂರದ, ಒಟ್ಟು 113 ಕಿ.ಮೀ. ಸ್ಪರ್ಧೆ ಮುಗಿಸಿದ ಮೊದಲ ಅಂಧ ಭಾರತೀಯರಾದರು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಟ್ರಯಥ್ಲಾನ್‌ನವರಲ್ಲ, 1500 ಮೀಟರ್ ಓಟಗಾರ್ತಿ. ಹಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಜೊತೆಗಾರ ರಾಹುಲ್ ಬಾಲಕೃಷ್ಣ ಅವರೊಂದಿಗೆ ಹಗ್ಗ ಹಿಡಿದು ಓಡಿ ಚಿನ್ನ ಗೆದ್ದವರು. ಆ ಓಟದ ವಿಡಿಯೋವನ್ನು ನಾವು ಹೆಜ್ಜೆ ಹೆಜ್ಜೆಗೂ ಜಪಾನಿಯಲ್ಲಿ ವಿವರಿಸಿದೆವು. ಮುಗಿದ ಮೇಲೆ ಸೆನ್ಸೇ ಕೇಳಿದ್ದು ಒಂದೇ ಪ್ರಶ್ನೆ: ‘ಕೊನೆಯ ಸುತ್ತಿನಲ್ಲಿ ಹಗ್ಗ ಸಡಿಲವಾಗಿತ್ತೋ, ಬಿಗಿಯಾಗಿತ್ತೋ?’

ಅಪ್ಪನ ಜಗಲಿ

ಇಲ್ಲಿಯವರೆಗೆ ಬರೆದದ್ದು ಸೆನ್ಸೇ ಮಾತು. ಇನ್ನು ಮುಂದಿನದು ನಮ್ಮದು. ಈ ಪುಟ ಓದುವ ಮನೆಗಳಲ್ಲಿ ಹಲವಕ್ಕೆ ಇದು ಹೊಸದಾಗಿರಲಿಕ್ಕಿಲ್ಲ.

ಹಾಸನ ಜಿಲ್ಲೆಯ ನಮ್ಮೂರಿನಲ್ಲಿ ಅಪ್ಪ ಇದ್ದಾರೆ. ನಿವೃತ್ತ ಮೇಷ್ಟ್ರು. ಬೆಳಿಗ್ಗೆ ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿಬಂದ ಮೇಲೇ ಅವರಿಗೆ ಕಾಫಿ. ಐದಾರು ವರ್ಷದಿಂದ ಗ್ಲಾಕೋಮಾ. ಈ ಕಾಯಿಲೆಯಲ್ಲಿ ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದಷ್ಟೇ. ಗೊತ್ತಾಗುವ ಹೊತ್ತಿಗೆ ಅಪ್ಪನಿಗೆ ಉಳಿದದ್ದು ಕಡಿಮೆ. ಒಂದು ದಿನ ಏರಿಯ ಮೇಲೆ ಯಾರದೋ ಬೈಕು ತಾಗುವಂತೆ ಹೋಯಿತಂತೆ. ಅಂದಿನಿಂದ ಜಗಲಿ ಬಿಟ್ಟು ಇಳಿಯಲಿಲ್ಲ. ವಿಡಿಯೋ ಕರೆಯಲ್ಲಿ ಕೇಳಿದರೆ ‘ಚೆನ್ನಾಗಿದೀನಿ’ ಎನ್ನುತ್ತಿದ್ದರು. ಕಾಲು ಸಣಕಲಾಗಿದ್ದು ಆ ಪರದೆಯಲ್ಲಿ ಕಾಣುತ್ತಿರಲಿಲ್ಲ.

ಒಂದು ಶನಿವಾರ ಓಟ ಮುಗಿಸಿ ಮನೆಗೆ ಬರುವಾಗ ನಮಗೆ ಹೊಳೆದದ್ದು ಇದು: ಪ್ರತಿ ವಾರ ಮೂರು ಗಂಟೆ ನಾವು ಪರದೇಶದ ಒಬ್ಬ ಮೇಷ್ಟ್ರಿಗೆ ಕಣ್ಣಾಗುತ್ತೇವೆ. ನಮ್ಮ ಮೇಷ್ಟ್ರಿಗೆ ಯಾರೂ ಇಲ್ಲ. ಸೆನ್ಸೇಗೆ ಇದನ್ನು ಹೇಳಿದಾಗ ಸ್ವಲ್ಪ ದೂರ ಅವರು ಮಾತಾಡಲಿಲ್ಲ. ಆಮೇಲೆ ಚೀಲದಿಂದ ಒಂದು ಹೊಸ ಹಗ್ಗ ತೆಗೆದು ಕೊಟ್ಟರು.

ಕಳೆದ ರಜೆಗೆ ಊರಿಗೆ ಹೋದಾಗ ಆ ಹಗ್ಗ ಅಪ್ಪನ ಮುಂದಿಟ್ಟೆವು. ತಡವಿ ನೋಡಿದರು. ‘ಇದೇನು, ನನಗೆ ಕಣ್ಣಿ ಹಾಕೋಕೆ ಬಂದ್ರಾ? ನಾನೇನು ದನವೇನ್ರೋ?’ ಎಂದರು. ಎರಡು ದಿನ ಅದು ಗೂಟದಲ್ಲಿ ನೇತಾಡಿತು. ನಮಗೂ ಅಳುಕು. ಊರವರ ಮುಂದೆ ಅಪ್ಪನನ್ನು ಹಗ್ಗದಲ್ಲಿ ನಡೆಸಿದಂತೆ ಕಾಣುವುದಿಲ್ಲವೇ?

ಮೂರನೆಯ ದಿನ ಬೆಳಿಗ್ಗೆ ಅವರೇ ಕರೆದು ಕೇಳಿದರು: ‘ಆ ಜಪಾನಿ ಮೇಷ್ಟ್ರ ಕೈಗೆ ಅದನ್ನ ಕಟ್ತೀರಾ?’ ಇಲ್ಲ, ಅವರೇ ಹಿಡಿಯುತ್ತಾರೆ ಎಂದೆವು. ‘ಯಾರ ನಡಿಗೆ?’ ಅವರದ್ದೇ, ನಾವು ಎಳೆಯುವ ಹಾಗಿಲ್ಲ ಎಂದೆವು. ‘ಹಾಗಾದರೆ ಸರಿ’ ಎಂದು ಚಪ್ಪಲಿ ಹುಡುಕಿದರು. ಏರಿಯ ತನಕ ಹೋಗಲಾಗಲಿಲ್ಲ, ಅಂಗಡಿ ಮೂಲೆಯಿಂದ ವಾಪಸ್ಸು. ಮರುದಿನ ಏರಿಯ ಮೆಟ್ಟಿಲು. ರಜೆ ಮುಗಿಯುವಷ್ಟರಲ್ಲಿ ತೂಬಿನವರೆಗೆ. ನೀರು ಎಷ್ಟಿದೆ, ಯಾರ ಗದ್ದೆ ನಾಟಿಯಾಗಿದೆ ಎಂದು ಕೇಳುತ್ತಿದ್ದರು. ನಾವು ಕಾಮೋ ದಂಡೆಯಲ್ಲಿ ಕಲಿತಂತೆ ಹೇಳುತ್ತಾ ಹೋದೆವು.

ನಾವು ಹೊರಟ ಮೇಲೆ ಯಾರು? ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ ಒಪ್ಪಿಕೊಂಡಿದ್ದಾಳೆ. ಪ್ರತಿಯಾಗಿ ಅಪ್ಪ ಅವಳಿಗೆ ಬಾಯಿಲೆಕ್ಕ, ವ್ಯಾಕರಣ ಹೇಳಿಕೊಡುತ್ತಾರೆ. ವಾರಕ್ಕೆ ನಾಲ್ಕು ದಿನ ಏರಿ. ಅವಳಿಗೆ ಟ್ಯೂಷನ್ ಇರುವ ದಿನ ಜಗಲಿ. ಪರೀಕ್ಷೆ ಬಂದರೆ ಪೂರಾ ಜಗಲಿ. ಸೆನ್ಸೇ ವಾರದ ಪಟ್ಟಿಯ ಹಾಗೆಯೇ ಇದೂ ಹರಿಯುತ್ತದೆ, ಮತ್ತೆ ಹೊಲಿಯಬೇಕು. ಗ್ಲಾಕೋಮಾ ಮನೆತನದಲ್ಲಿ ಬರುವ ಸಾಧ್ಯತೆ ಇರುವುದರಿಂದ ನಾವೂ ಕ್ಯೋಟೋಗೆ ಬಂದೊಡನೆ ಕಣ್ಣು ತೋರಿಸಿಕೊಂಡೆವು. ನಲವತ್ತು ದಾಟಿದ ಓದುಗರೂ ಒಮ್ಮೆ ತೋರಿಸಿಕೊಳ್ಳಿ. ನೋವಿಲ್ಲದೆ ಬರುವ ಕಾಯಿಲೆ ಅದು.

ಮುಂದಿನ ಬೇಸಿಗೆ

ಸೆನ್ಸೇಗೆ ಸಾರಾ ರೈನರ್ಟ್‌ಸನ್ ಕಥೆ ಯಾಕಿಷ್ಟ ಎಂದು ಹೇಳುವುದು ಬಾಕಿಯಿತ್ತು. ಕಳೆದ ಬೇಸಿಗೆಯಲ್ಲಿ ಅವರು ಮೊದಲ ಬಾರಿ ಪೂರ್ತಿ ದೂರಕ್ಕೆ ಇಳಿದಿದ್ದರು. ಈಜು ಚೆನ್ನಾಗಿ ಮುಗಿಯಿತು. 150 ಕಿ.ಮೀ. ದಾಟುವಷ್ಟರಲ್ಲಿ ಜೋಡಿ ಸೈಕಲ್ಲಿನ ಮುಂದಿನ ಸೀಟಿನವರ ಕಾಲು ಸೆಟೆದುಕೊಂಡಿತು. ನಿಂತು, ತಿಕ್ಕಿ, ಮತ್ತೆ ಹತ್ತುವಷ್ಟರಲ್ಲಿ ಗಡುವು ಮೀರಿತು. ಓಟ ಶುರುವಾಗುವ ಗೆರೆಯಲ್ಲಿ ನಾವು ಹಗ್ಗ ಹಿಡಿದು ಕಾಯುತ್ತಲೇ ಇದ್ದೆವು.

ಕೈಕೊಟ್ಟದ್ದು ಅವರ ಕಾಲಲ್ಲ. ಹಾಗೆಂದು ಅವರು ಒಂದು ಸಲವೂ ಅನ್ನಲಿಲ್ಲ. ಬರುವಾಗ ಆ ಜೊತೆಗಾರ ಅಳುತ್ತಿದ್ದರು, ಸೆನ್ಸೇ ಅವರ ಹಿಮ್ಮಡಿಗೆ ಸೂಜಿ ಹಾಕುತ್ತಾ ಸಮಾಧಾನ ಮಾಡುತ್ತಿದ್ದರು. ಈಗ ಅದೇ ಜೊತೆಗಾರರೊಂದಿಗೇ ಮುಂದಿನ ಬೇಸಿಗೆಗೆ ತಯಾರಿ. ಮುಗಿಸುತ್ತಾರೋ ಇಲ್ಲವೋ ಹೇಳಲಾಗದು.

ಶನಿವಾರದ ಓಟದ ಹೊತ್ತಿಗೆ ಊರಿನಲ್ಲಿ ನಡುರಾತ್ರಿ ಕಳೆದು ಎರಡೂವರೆ. ನಾವು ಸ್ನಾನ ಮಾಡಿ ತಿಂಡಿ ತಿಂದು ಕೂರುವಷ್ಟರಲ್ಲಿ ಅಲ್ಲಿ ಬೆಳಕು ಹರಿದಿರುತ್ತದೆ. ಆಗ ಫೋನ್ ಮಾಡುತ್ತೇವೆ. ಮೊದಲೆಲ್ಲ ‘ಚೆನ್ನಾಗಿದೀನಿ’ ಎಂದು ಇಟ್ಟುಬಿಡುತ್ತಿದ್ದ ಅಪ್ಪ ಈಗ ಮೊದಲು ಕೇಳುವುದೇ ಬೇರೆ: ‘ನಿಮ್ಮ ಮೇಷ್ಟ್ರು ಇವತ್ತು ಎಷ್ಟು ಓಡಿದರು?’ ಇಪ್ಪತ್ತೆಂಟು ಎಂದೆವು, ಹೋದ ವಾರ. ‘ನಾನು ತೂಬು ದಾಟಿದೆ’ ಎಂದರು.